ಎಕರೆ ಹಂಚಬಹುದು, ಕೆರೆ?

ಮೂಡಿಗೆರೆ ಕಡೆಯ ತೋಟದ ಮನೆಗಳಲ್ಲಿ ಪಾಲಿನ ಮಾತೆತ್ತುವುದೇ ಅಪಶಕುನ. 'ನಾನಿನ್ನೂ ಬದುಕಿದ್ದೀನಲ್ಲ' ಎಂದು ಹಿರಿಯರು ಅಂದರೆ ಮಾತು ಮುಗಿಯಿತು. ನಮ್ಮಪ್ಪನೂ ಹಾಗೇ ಅನ್ನುತ್ತಿದ್ದವರು. ಅವರ ಮನಸ್ಸು ತಿರುಗಿದ್ದು ಪಕ್ಕದ ತೋಟದ ಜಗಳ ಕಂಡು. ಅಲ್ಲಿ ಅಣ್ಣತಮ್ಮಂದಿರು ಒಬ್ಬರ ಮೇಲೊಬ್ಬರು ತಡೆಯಾಜ್ಞೆ ತಂದು, ಆ ವರ್ಷದ ಹಣ್ಣು ಗಿಡದಡಿಯಲ್ಲೇ ಉದುರಿ ಕೊಳೆಯಿತು.

ನಾವು ಮೂವರು. ಅಣ್ಣ ಬೆಂಗಳೂರಿನಲ್ಲಿ, ತಮ್ಮ ತೋಟದಲ್ಲಿ, ನಾನು ಹಾಸನದಲ್ಲಿ. ಯಾವುದು ಪಿತ್ರಾರ್ಜಿತ, ಯಾವುದು ಸ್ವಯಾರ್ಜಿತ ಎಂಬುದೇ ವಕೀಲರ ಮೊದಲ ಪ್ರಶ್ನೆ. ಅಜ್ಜನ ತೋಟದಲ್ಲಿ ಅಪ್ಪ ತಮ್ಮ ಪಾಲಿನಷ್ಟಕ್ಕೆ ಮಾತ್ರ ವಿಲ್ ಬರೆಯಬಹುದಿತ್ತು. 1994ರಲ್ಲಿ ಬ್ರೆಜಿಲ್‌ನ ಕಾಫಿ ಹಿಮಕ್ಕೆ ಸುಟ್ಟು ಇಲ್ಲಿ ಬೆಲೆ ಏರಿದಾಗ ಕೊಂಡ ಜಾಗ ಸ್ವಂತದ್ದೆಂದು ಅಪ್ಪ ನಂಬಿದ್ದರು. ಆದರೆ ಕೊಂಡ ದುಡ್ಡು ಅಜ್ಜನ ತೋಟದ ಫಸಲಿನದು. ಅದೂ ಕುಟುಂಬದ್ದೇ ಎಂದು ನಾಳೆ ಯಾರಾದರೂ ವಾದಿಸಬಹುದು ಎಂದರು ವಕೀಲರು. ಹಾಗಾಗಿ ಎರಡೂ ವಿಭಾಗ ಪತ್ರಕ್ಕೆ ಸೇರಿದವು.

ನನ್ನ ಮದುವೆ 1991ರಲ್ಲಿ. ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟ ರಾಜ್ಯದ ತಿದ್ದುಪಡಿ ಜಾರಿಯಾದದ್ದು 1994ರ ಜುಲೈನಲ್ಲಿ, ಅದಕ್ಕೂ ಮೊದಲೇ ಮದುವೆಯಾದವರನ್ನು ಹೊರಗಿಟ್ಟು. 2005ರ ಕೇಂದ್ರ ತಿದ್ದುಪಡಿಯಲ್ಲಿ ಆ ಅಡ್ಡಿ ಇಲ್ಲ. ಉಳಿದ ಗೊಂದಲವನ್ನು 2020ರಲ್ಲಿ ಸುಪ್ರೀಂ ಕೋರ್ಟ್ ಬಗೆಹರಿಸಿತು. ಆದರೂ ಅಣ್ಣ 'ಮದುವೇಲಿ ಚಿನ್ನ ಹಾಕಿರ್ಲಿಲ್ವಾ?' ಎಂದ. 'ಪತ್ರಕ್ಕೆ ಅವಳ ಸಹಿನೂ ಬೇಕು ಕಣೋ' ಎಂದರು ಅಪ್ಪ. ಅಲ್ಲಿಗೆ ಆ ಮಾತು ನಿಂತಿತು. (ಚಿನ್ನದ ಲೆಕ್ಕ ಗಂಡುಮಕ್ಕಳಿಗೆ ಎಷ್ಟು ಚೆನ್ನಾಗಿ ನೆನಪಿರುತ್ತದೆ!)

ಎಕರೆ ಲೆಕ್ಕ ಬೇಗ ಮುಗಿಯಿತು. ಕೂತು ಕೂತು ಸಾಕಾದದ್ದು ಕೆರೆಯ ವಿಷಯಕ್ಕೆ. ಫೆಬ್ರವರಿ–ಮಾರ್ಚ್‌ನಲ್ಲಿ ರೋಬಸ್ಟಾಕ್ಕೆ ಹೂವಿನ ನೀರು ಬೇಕು, ಅದೂ ಎಲ್ಲರಿಗೂ ಒಂದೇ ಸಮಯಕ್ಕೆ. ಕೆರೆ ತಮ್ಮನ ಪಾಲಿನಲ್ಲಿ, ರೋಬಸ್ಟಾ ಹೆಚ್ಚಿದ್ದದ್ದು ನನ್ನ ಪಾಲಿನಲ್ಲಿ. ಪಲ್ಪರ್ ಒಂದೇ, ಕಣ ಒಂದೇ, ಲಾರಿ ಬರುವ ದಾರಿಯೂ ಒಂದೇ. ಸ್ಪ್ರಿಂಕ್ಲರ್ ಸರದಿ ವರ್ಷಕ್ಕೊಬ್ಬರಂತೆ ಬದಲಾಗಬೇಕು, ಡೀಸೆಲ್ ಓಡಿಸಿದವರದು, ಪಲ್ಪರ್ ರಿಪೇರಿ ಅವರವರ ಹಣ್ಣಿನ ತೂಕದ ಮೇಲೆ, ಮಾರುವುದಾದರೆ ಮೊದಲು ಒಡಹುಟ್ಟಿದವರನ್ನು ಕೇಳಬೇಕು, ಎಲ್ಲವನ್ನೂ ಬರೆಸಿದೆವು. ಇಷ್ಟು ವರ್ಷ ತೋಟದ ಕೆಸರು ತುಳಿದವನೆಂದು ತಮ್ಮನಿಗೆ ಒಂದಿಷ್ಟು ಹೆಚ್ಚು ಬಂತು. ಅದು ನ್ಯಾಯವೇ. ಸಮಪಾಲೆಲ್ಲ ಸರಿಪಾಲಲ್ಲ.

ಅಪ್ಪ ತಮ್ಮದೇ ಪಾಲು, ಠೇವಣಿ, ಷೇರುಗಳನ್ನು ಅಮ್ಮನ ಹೆಸರಿಗೆ ವಿಲ್ ಬರೆದರು. ವಿಲ್ ನೋಂದಣಿ ಕಡ್ಡಾಯವಲ್ಲ, ಇಬ್ಬರು ಸಾಕ್ಷಿಗಳಿದ್ದರೆ ಸಾಕು. ಅಪ್ಪ ನೋಂದಣಿಯನ್ನೂ ಮಾಡಿಸಿದರು. ಷೇರುಗಳಿಗೆ ಅಣ್ಣ ನಾಮಿನಿ, ಆದ್ದರಿಂದ ಅವೆಲ್ಲ ತನ್ನವೇ ಎಂದುಕೊಂಡಿದ್ದ. ನಾಮಿನಿ ಮಾಲೀಕನಲ್ಲ, ವಾರಸುದಾರರ ಪರವಾಗಿ ಇಟ್ಟುಕೊಳ್ಳುವವನು ಅಷ್ಟೇ. ಷೇರುಗಳ ಮಟ್ಟಿಗೆ ಸುಪ್ರೀಂ ಕೋರ್ಟ್ 2023ರಲ್ಲಿ ಇದನ್ನೇ ಹೇಳಿದೆ.

ಪಾಲಿಗೆ ಕೂರುವ ತೋಟದವರಲ್ಲಿ ನನ್ನದೊಂದು ವಿನಂತಿ. ವಕೀಲರ ಬಳಿ ಹೋಗುವ ಮೊದಲು ನಿಮ್ಮ ಹಳೇ ರೈಟರನ್ನು ಕರೆಸಿ, ನೀರು, ದಾರಿ, ಕಣ ಯಾರು ಯಾವಾಗ ಬಳಸುತ್ತಾರೆಂದು ಬರೆದುಕೊಳ್ಳಿ. ಪಹಣಿಯಲ್ಲಿ ಅದು ಸಿಗುವುದಿಲ್ಲ.