ಮೊಟ್ಟೆಗೂ ಅಪ್ಪಣೆ ಬೇಕು

ಗುಲಗಂಜಿ ಹುಳು ಸಾಕುವವರು ಮೊದಲು ಕಲಿಯಬೇಕಾದದ್ದು ಸಿಹಿಗುಂಬಳದ ವಿದ್ಯೆ. ಕಾಯಿಯ ಮೇಲೆ ಹಿಟ್ಟು ತಿಗಣೆ ಹತ್ತಿಸಿ, ಅದು ಬಿಳಿಯ ಮೊಟ್ಟೆಚೀಲ ಕಟ್ಟುವ ಹೊತ್ತಿಗೆ ಕ್ರಿಪ್ಟೋಲೀಮಸ್ ಹುಳುಗಳನ್ನು ಪಂಜರಕ್ಕೆ ಬಿಡುತ್ತೇವೆ. ಕಿತ್ತಳೆ ತಲೆ, ಕಪ್ಪು ಬೆನ್ನಿನ ಈ ಪುಟ್ಟ ಹುಳು 1898ರಲ್ಲಿ ಕಾಫಿಯ ಹಸಿರು ತಿಗಣೆಯನ್ನು ಹತ್ತಿಕ್ಕಲೆಂದು ಆಸ್ಟ್ರೇಲಿಯದಿಂದ ಬಂದದ್ದು. ಈಗ ನಾವು ಸಾಕಿದ್ದು ಸೀಬೆ, ದ್ರಾಕ್ಷಿ ತೋಟಗಳಿಗೂ ಹೋಗುತ್ತದೆ.

ಕೆಲಸ ಮಾಡುತ್ತ ಮಾಡುತ್ತ ನನಗೆ ಮನದಟ್ಟಾದ ಮೊದಲ ಸಂಗತಿ: ಹುಳು ಬದುಕಿರುವುದೇ ಬೇರೆ, ಮೊಟ್ಟೆ ಇಡುವುದೇ ಬೇರೆ. ತಿಗಣೆ ಸಾಲದೆ ಬಂದ ದಿನಗಳಲ್ಲಿ ಹುಳುಗಳು ಜೇನುನೀರು ಹೀರಿಕೊಂಡು ಗಟ್ಟಿಮುಟ್ಟಾಗಿಯೇ ಇರುತ್ತವೆ. ಆದರೆ ಹೆಣ್ಣಿನ ಹೊಟ್ಟೆ ಬಿಡಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅಂಡಾಶಯ ಬಡಕಲು. ತಿಗಣೆ ಸಿಕ್ಕಿದ ಮೇಲೆ ಅದೇ ಅಂಡಾಶಯ ಹಳದಿ ತುಂಬಿಕೊಂಡು ಉಬ್ಬುತ್ತದೆ.

ಯಾಕೆ ಹೀಗೆ ಎಂದು ಓದಲು ಕೂತಾಗ ಕೀಟಗಳ ಮೈಯೊಳಗಿನ ವ್ಯವಸ್ಥೆ ಕಂಡು ಬೆರಗಾದೆ. ಮಿದುಳಿನ ಹಿಂದಿರುವ ಪುಟ್ಟ ಗ್ರಂಥಿ ಜುವೆನೈಲ್ ಹಾರ್ಮೋನು ಸುರಿಸುತ್ತದೆ. ಅದನ್ನು ಹಿಡಿಯುವ ಗ್ರಾಹಕವನ್ನು ತಯಾರಿಸುವ ವಂಶವಾಹಿಯ ಹೆಸರು ಮೆಟ್. 1986ರಲ್ಲಿ ಅಮೆರಿಕದ ಥಾಮಸ್ ವಿಲ್ಸನ್, ಮೆಥೊಪ್ರೀನ್ ಎಂಬ ಕೀಟನಾಶಕಕ್ಕೆ ಜಗ್ಗದ ಹಣ್ಣುನೊಣಗಳಲ್ಲಿ ಅದರ ಸುಳಿವು ಹಿಡಿದರು. ಅದೇ ಹಾರ್ಮೋನಿನ ಗ್ರಾಹಕವೆಂದು 2011ರಲ್ಲಿ ಖಚಿತವಾಯಿತು. ಹಾರ್ಮೋನು ಹಿಡಿದ ಮೆಟ್, ಕೆಆರ್-ಎಚ್1 ಎಂಬ ಇನ್ನೊಂದು ವಂಶವಾಹಿಯನ್ನು ಎಬ್ಬಿಸುತ್ತದೆ. ಆಮೇಲೆ ಕೊಬ್ಬಿನ ಅಂಗ ವಿಟೆಲೊಜೆನಿನ್ ಎಂಬ ಪ್ರೋಟೀನು ತಯಾರಿಸುತ್ತದೆ. ಬೆಳೆಯುವ ಮೊಟ್ಟೆ ತನ್ನದೇ ಗ್ರಾಹಕದಿಂದ ಅದನ್ನು ಒಳಗೆಳೆದುಕೊಳ್ಳುತ್ತದೆ. ಒಳಗಿನ ಹಳದಿ ಎಂದರೆ ಅದೇ. ಹಾರ್ಮೋನಿಯಾ ಆಕ್ಸಿರಿಡಿಸ್ ಎಂಬ ಏಷ್ಯಾದ ಗುಲಗಂಜಿ ಹುಳುವಿನಲ್ಲಿ ಮೆಟ್, ಕೆಆರ್-ಎಚ್1 ಎರಡನ್ನೂ ಆರ್‌ಎನ್‌ಎ ವಿಧಾನದಿಂದ ಸುಮ್ಮನಾಗಿಸಿದಾಗ ಮೊಟ್ಟೆಗಳು ಕಡಿಮೆಯಾದವು. ನಮ್ಮ ಪಂಜರದ ಬಡಕಲು ಅಂಡಾಶಯಕ್ಕೂ ಇದಕ್ಕೂ ಇರುವ ನಂಟು ಆಗ ನನಗೆ ಹೊಳೆಯಿತು. ಹೊಟ್ಟೆಗೆ ಸರಿಯಾದ ಆಹಾರ ಬಿದ್ದಿದೆ ಎಂಬ ಸುದ್ದಿ ಮುಟ್ಟದೆ ಈ ಸರಪಳಿ ಅಲುಗುವುದಿಲ್ಲ.

ಎರಡನೆಯ ಪಾಠ ಒಂದು ಸೀಬೆ ತೋಟದಲ್ಲಿ ಸಿಕ್ಕಿತು. "ಮೇಡಂ, ನೀವು ಕೊಟ್ಟ ಹುಳ ಓಡಾಡ್ತಾವೆ, ಮರಿ ಮಾತ್ರ ಒಂದೂ ಇಲ್ಲ" ಎಂದು ಬೆಳೆಗಾರರು ಕರೆಸಿದ್ದರು. ಕ್ರಿಪ್ಟೋಲೀಮಸ್ ಮರಿಗೂ ಮೈತುಂಬ ಬಿಳಿ ಮೇಣವಿರುವುದರಿಂದ ಅದನ್ನು ತಿಗಣೆಯೆಂದೇ ತಿಳಿಯುವವರಿದ್ದಾರೆ. ಹಾಗಾಗಿ ಎಲೆ ಎಲೆ ಮಗುಚಿ ಹುಡುಕಿದೆ. ನಿಜಕ್ಕೂ ಇರಲಿಲ್ಲ. ವಿಚಾರಿಸಿದರೆ, ಅದೇ ತೋಟದ ಸಾಲುಗಳ ನಡುವೆ ಬದನೆ ಬೆಳೆದು, ಬಿಳಿ ನೊಣಕ್ಕೆ ಪೈರಿಪ್ರಾಕ್ಸಿಫೆನ್ ಹೊಡೆದಿದ್ದರು.

ಪೈರಿಪ್ರಾಕ್ಸಿಫೆನ್ ಜುವೆನೈಲ್ ಹಾರ್ಮೋನಿನ ವೇಷ ಹಾಕಿ ಅದೇ ಮೆಟ್ ಗ್ರಾಹಕಕ್ಕೆ ಅಂಟಿಕೊಳ್ಳುತ್ತದೆ. ಬೆಳೆದ ಹುಳುವಿಗೆ ಬೇಕಾದ ಹಾರ್ಮೋನೇ ಮೊಟ್ಟೆಯೊಳಗಿನ ಭ್ರೂಣಕ್ಕೆ, ಕೋಶಕ್ಕೆ ಹೋಗುವ ಮರಿಗೆ ಹೊತ್ತಲ್ಲದ ಹೊತ್ತಿನಲ್ಲಿ ಸಿಕ್ಕರೆ ಬೆಳವಣಿಗೆ ಅಲ್ಲಿಗೇ ನಿಲ್ಲುತ್ತದೆ. ಬಿಳಿ ನೊಣದಲ್ಲಿರುವ ಗ್ರಾಹಕ ಗುಲಗಂಜಿ ಹುಳುವಿನಲ್ಲೂ ಇದೆ; ಶತ್ರು ಯಾರು, ಮಿತ್ರ ಯಾರು ಎಂದು ಔಷಧಿಗೆ ಗೊತ್ತಾಗುವುದಿಲ್ಲ. ಕ್ಯಾಲಿಫೋರ್ನಿಯದ ಕಿತ್ತಳೆ ತೋಟಗಳಲ್ಲೂ ಇಂಥ ಔಷಧಿಗಳು ವೆಡಾಲಿಯಾ ಎಂಬ ಗುಲಗಂಜಿ ಹುಳುವಿನ ಸಂತತಿಗೆ ಕುತ್ತು ತಂದಿವೆ.

ಅಂದಿನಿಂದ ಹುಳು ಕಳಿಸುವ ಮುನ್ನ ಬೆಳೆಗಾರರನ್ನು, ತಮ್ಮ ಹೊಲದಲ್ಲಿ ಮಾತ್ರವಲ್ಲ, ಬದುವಿನಾಚೆಗೂ ಏನು ಹೊಡೆದಿದ್ದಾರೆಂದು ಕೇಳುತ್ತೇನೆ. ಒಂದು ಔಷಧಿ "ಮಿತ್ರಕೀಟಗಳಿಗೆ ಸುರಕ್ಷಿತ" ಎಂದು ಯಾರಾದರೂ ಹೇಳಿದರೆ, ಬೆಳೆದ ಹುಳು ಸಾಯಲಿಲ್ಲವೆಂದಷ್ಟೇ ನೋಡಿದ್ದೀರಾ, ಅದು ಇಟ್ಟ ಮೊಟ್ಟೆ ಒಡೆದು ಮರಿ ಬಂತೇ, ಆ ಮರಿ ಕೋಶ ಕಟ್ಟಿತೇ ಎಂದೂ ಕೇಳುತ್ತೇನೆ. ಅಷ್ಟನ್ನೂ ಪರೀಕ್ಷಿಸದೆ ಆ ಮಾತನ್ನು ಡಬ್ಬಿಯ ಮೇಲೆ ಅಚ್ಚು ಹಾಕಬಾರದು.