ಸ್ಟುಟ್‌ಗಾರ್ಟ್‌ನಲ್ಲಿ ಅತ್ತೆಯ ಬಿ.ಪಿ. ಮಾತ್ರೆ

ಜರ್ಮನಿಗೆ ಹೊಸದಾಗಿ ಬಂದ ನಮ್ಮ ಕಡೆಯವರು ಜ್ವರ ಬಂದಾಗ ಮೊದಲು ಕೇಳುವುದು, ‘ಇಲ್ಲಿ ಡೋಲೊ ಎಲ್ಲಿ ಸಿಗುತ್ತೆ?’ ಅಂತ. ಡೋಲೊ ಸಿಗುವುದಿಲ್ಲ. ಅದರೊಳಗಿನ ಪ್ಯಾರಾಸಿಟಮಾಲ್ ಸಿಗುತ್ತದೆ, ಅದೂ ಕೆಂಪು ‘ಎ’ ಅಕ್ಷರದ ಫಲಕವಿರುವ ಅಪೊಥೆಕೆ ಎಂಬ ಔಷಧದಂಗಡಿಯಲ್ಲಿ. ಸೂಪರ್‌ಮಾರ್ಕೆಟ್‌ನಲ್ಲಾಗಲಿ, ಸೋಪು, ವಿಟಮಿನ್ ಮಾರುವ ಅಂಗಡಿಗಳ ಕಪಾಟಿನಲ್ಲಾಗಲಿ ಹುಡುಕಿದರೆ ಕಾಣದು. ಡಾಕ್ಟರ ಚೀಟಿ ಇಲ್ಲದೆ 500 ಮಿಲಿಗ್ರಾಂನ 20 ಮಾತ್ರೆಗಿಂತ ದೊಡ್ಡ ಪ್ಯಾಕ್ ಕೊಡಬಾರದೆಂಬ ನಿಯಮ 2009ರಿಂದ ಇದೆ. ಸ್ಟ್ರಿಪ್ ಕತ್ತರಿಸಿ ನಾಲ್ಕು ಮಾತ್ರೆ ಕೊಡುವ ರೂಢಿಯಿಲ್ಲ. ಆ್ಯಂಟಿಬಯೋಟಿಕ್ ಅಂತೂ ಚೀಟಿಯಿಲ್ಲದೆ ಕೇಳುವುದೇ ಬೇಡ.

ಇಲ್ಲಿ ಕೆಲಸ ಮಾಡುತ್ತಾ ಸರ್ಕಾರಿ ಆರೋಗ್ಯ ವಿಮೆಯಲ್ಲಿರುವ ನಮಗೆ ದಾರಿ ಸಲೀಸು. 2024ರಿಂದ ಚೀಟಿ ಕಾಗದದಲ್ಲಿಲ್ಲ. ಡಾಕ್ಟರು ಕಂಪ್ಯೂಟರಿನಲ್ಲಿ ಬರೆದದ್ದು ಅಪೊಥೆಕೆಯಲ್ಲಿ ವಿಮೆಯ ಕಾರ್ಡ್ ತೂರಿಸಿದರೆ ತೆರೆದುಕೊಳ್ಳುತ್ತದೆ. ನಮ್ಮ ಪಾಲಿಗೆ ಬರುತ್ತಿದ್ದದ್ದು ಸಾಮಾನ್ಯವಾಗಿ ಬೆಲೆಯ ಶೇ 10. ಕನಿಷ್ಠ 5 ಯೂರೊ, ಗರಿಷ್ಠ 10 ಯೂರೊ. ಮಗಳ ಔಷಧಕ್ಕೆ ಅದೂ ಇಲ್ಲ.

ಊರಿಂದ ಬಂದ ಹಿರಿಯರ ವಿಷಯ ಹಾಗಲ್ಲ. ಶಿವಮೊಗ್ಗದಿಂದ ಬಂದಿದ್ದ ಅತ್ತೆ ಮೊಮ್ಮಗಳ ಜೊತೆ ಇನ್ನಷ್ಟು ದಿನ ಇರಲೆಂದು ವಾಪಸ್ ಟಿಕೆಟ್ ಮುಂದೆ ಹಾಕಿದೆವು. ಬಿ.ಪಿ. ಮಾತ್ರೆ ಮುಗಿಯುತ್ತಾ ಬಂತು. ಊರಿನ ಚೀಟಿಯನ್ನೂ ಖಾಲಿ ಸ್ಟ್ರಿಪ್ಪನ್ನೂ ಹಿಡಿದು ಇಬ್ಬರೂ ಅಪೊಥೆಕೆಗೆ ಹೋದೆವು. ಔಷಧಿ ಕೊಡುವ ಮಹಿಳೆ ಚೀಟಿಯನ್ನು ಪಕ್ಕಕ್ಕಿಟ್ಟು, ಸ್ಟ್ರಿಪ್ ತಿರುಗಿಸಿ ಸಣ್ಣಕ್ಷರದಲ್ಲಿದ್ದ ಟೆಲ್ಮಿಸಾರ್ಟಾನ್ 40 ಎಂಬುದನ್ನು ಓದಿದರು. ಈ ಔಷಧ ಇಲ್ಲೂ ಸಿಗುತ್ತದೆ, ಆದರೆ ಯುರೋಪಿಯನ್ ಒಕ್ಕೂಟದ ದೇಶಗಳ ಚೀಟಿ ನಡೆಯುತ್ತದೆ, ಭಾರತದ್ದು ನಡೆಯುವುದಿಲ್ಲ, ಇಲ್ಲಿನ ಡಾಕ್ಟರಿಂದಲೇ ಬರೆಸಿಕೊಂಡು ಬನ್ನಿ ಎಂದರು. ಆಮೇಲೆ, ಇವರು ಬೇರೇನು ಮಾತ್ರೆ ತಗೊಳ್ಳುತ್ತಾರೆ ಎಂದು ಕೇಳಿದರು.

‘ಮಂಡಿನೋವಿಗೆ ಒಂದು ನುಂಗ್ತೀನಿ ಕಣೆ, ಅದನ್ನೆಲ್ಲ ಯಾಕೆ ಕೇಳ್ತಾಳೆ?’ ಎಂದರು ಅತ್ತೆ.

ಅದು ಡೈಕ್ಲೋಫೆನಾಕ್. ಅಂಥ ನೋವಿನ ಮಾತ್ರೆ ಬಿ.ಪಿ. ಏರಿಸಬಲ್ಲದು, ಟೆಲ್ಮಿಸಾರ್ಟಾನ್ ಜೊತೆ ದಿನವೂ ನುಂಗಿದರೆ, ವಯಸ್ಸಾದವರಲ್ಲಂತೂ, ಮೂತ್ರಪಿಂಡಕ್ಕೆ ಪೆಟ್ಟು ಬೀಳಬಹುದು. ಇದನ್ನು ಡಾಕ್ಟರಿಗೆ ಮರೆಯದೆ ಹೇಳಿ ಎಂದು ಆಕೆ ನಿಧಾನವಾಗಿ ವಿವರಿಸಿದರು. ಹಿಂದೆ ಜನ ಕಾಯುತ್ತಿದ್ದರೂ ಅವಸರ ಮಾಡಲಿಲ್ಲ. ಇಲ್ಲಿ ಔಷಧಿ ಕೊಡುವವರು ಪ್ರಶ್ನೆ ಕೇಳಿದರೆ ನನಗೆ ಅಡ್ಡಿಯೆನಿಸುವುದಿಲ್ಲ, ಧೈರ್ಯ ಬರುತ್ತದೆ.

ಹತ್ತಿರದ ಡಾಕ್ಟರು ಬಿ.ಪಿ. ನೋಡಿ, ಮಂಡಿಯ ಮಾತ್ರೆ ಬಿಡಿಸಿ, ಹಚ್ಚುವ ಜೆಲ್ ಹೇಳಿ, ಖಾಸಗಿ ಚೀಟಿ ಬರೆದುಕೊಟ್ಟರು. ಡಾಕ್ಟರ ಶುಲ್ಕವೂ ಔಷಧದ ಪೂರ್ತಿ ಬೆಲೆಯೂ ನಮ್ಮ ಕೈಯಿಂದಲೇ. ಮಾತ್ರೆ ದಾಸ್ತಾನಿಲ್ಲದಿದ್ದರೂ ಬೆಳಗ್ಗೆ ಹೇಳಿದ್ದು ಮಧ್ಯಾಹ್ನಕ್ಕೆ ಬಂತು. ಡಬ್ಬಿ ಬೇರೆ, ಕಂಪನಿ ಬೇರೆ ಎಂದು ಅತ್ತೆ ಅನುಮಾನಿಸಿದರು. ಟೆಲ್ಮಿಸಾರ್ಟಾನನ್ನು ಮೊದಲು ತಯಾರಿಸಿದ್ದೇ ಬೋರಿಂಗರ್ ಇಂಗೆಲ್‌ಹೈಮ್ ಎಂಬ ಜರ್ಮನ್ ಕಂಪನಿ ಅಂದ ಮೇಲೆ ನುಂಗಿದರು.

ರಾತ್ರಿ ಹೊತ್ತಿಗೂ ಒಂದು ಏರ್ಪಾಡಿದೆ. ಸರದಿಯ ಮೇಲೆ ಯಾವುದಾದರೊಂದು ಅಪೊಥೆಕೆ ಎಚ್ಚರವಿರುತ್ತದೆ. ಯಾವುದೆಂದು ಉಳಿದವುಗಳ ಬಾಗಿಲಲ್ಲಿ ಬರೆದಿರುತ್ತಾರೆ. ಗಂಟೆ ಒತ್ತಿದರೆ ಕಿಟಕಿಯಿಂದ ಕೊಡುತ್ತಾರೆ. ಜೀವಕ್ಕೆ ಅಪಾಯವಿಲ್ಲದ, ಆದರೆ ಕಾಯಲಾಗದ ಕಾಯಿಲೆಗೆ ಡಾಕ್ಟರು ಬೇಕಾದರೆ 116117, ಜೀವಕ್ಕೇ ಅಪಾಯವೆಂದರೆ 112.

ಈಗ ಯಾರ ಅಪ್ಪ ಅಮ್ಮ ಹೊರಟರೂ ನಾನು ಮೊದಲೇ ಫೋನ್ ಮಾಡಿ ಹೇಳುತ್ತೇನೆ: ಮೂರು ತಿಂಗಳಿಗಾಗುವಷ್ಟು ಮಾತ್ರೆ ಸ್ಟ್ರಿಪ್ ಸಮೇತ ತನ್ನಿ. ಬ್ರ್ಯಾಂಡ್ ಅಲ್ಲ, ಒಳಗಿನ ಔಷಧದ ಹೆಸರು, ಮಿಲಿಗ್ರಾಂ, ದಿನಕ್ಕೆಷ್ಟು ಎಂಬುದನ್ನು ನಿಮ್ಮ ಡಾಕ್ಟರಿಂದ ದೊಡ್ಡಕ್ಷರದಲ್ಲಿ ಇಂಗ್ಲಿಷಿನಲ್ಲಿ ಬರೆಸಿ ತನ್ನಿ. ಮಂಡಿನೋವಿನದನ್ನೂ ಬಿಡಬೇಡಿ.