ಕಿತ್ತ ಮೇಲೆ ಮೂಲಿಕೆಯ ಪಾಡು

ಅರಸೀಕೆರೆಯ ಸೀಮೆಯವರಿಗೆ ಒಣಗಿಸುವ ವಿದ್ಯೆಯನ್ನು ಹೊಸದಾಗಿ ಹೇಳಬೇಕಾದುದಿಲ್ಲ. ತೆಂಗಿನಕಾಯಿಯನ್ನು ಅಟ್ಟದ ಮೇಲೆ ಹತ್ತು ಹನ್ನೆರಡು ತಿಂಗಳು ಇಟ್ಟು, ಒಳಗಿನ ಕೊಬ್ಬರಿ ಗಡಗಡ ಎಂದ ಮೇಲೆಯೇ ಸುಲಿಯುವ ತಾಳ್ಮೆ ನಮ್ಮವರಿಗುಂಟು. ಗಿಡಮೂಲಿಕೆಗಳ ವಿಷಯದಲ್ಲಿ ಮಾತ್ರ ಆ ತಾಳ್ಮೆಯನ್ನು ನಾನು ಕಂಡುದು ಕಡಮೆ. ಔಷಧದ ಗುಣ ಗಿಡದಲ್ಲಿ ಹುಟ್ಟುತ್ತದೆ, ನಿಜ. ಕಿತ್ತ ಮೇಲೆ ಅದು ಉಳಿಯುವುದೂ ಅಳಿಯುವುದೂ ನಮ್ಮ ಕೈಯಲ್ಲಿದೆ.

ಸರ್ಪಗಂಧಿಯನ್ನೇ ನೋಡೋಣ. ರಕ್ತದ ಒತ್ತಡವನ್ನು ತಗ್ಗಿಸುವ ರೆಸರ್ಪಿನ್ ಎಂಬ ಸತ್ವವನ್ನು ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳು 1952ರಲ್ಲಿ ಬೇರ್ಪಡಿಸಿದ್ದು ಇದರ ಬೇರಿನಿಂದ. ಆ ಬಗೆಯ ಸತ್ವಗಳಲ್ಲಿ ಬಹುಪಾಲು ಇರುವುದು ಬೇರಿನ ಸಿಪ್ಪೆಯಲ್ಲಿ. ಮಣ್ಣು ಹೋಗಲೆಂದು ಗಸಗಸನೆ ಉಜ್ಜಿ ಸಿಪ್ಪೆ ಕಿತ್ತರೆ ಬೇರು ನೋಟಕ್ಕೆ ಚೊಕ್ಕಟವಾದೀತು, ಮದ್ದು ನೀರುಪಾಲು! ಕಾಡಿನಲ್ಲಿ ಈ ಗಿಡ ಅಪರೂಪವಾಗಿರುವಾಗ ಒಂದು ಬೇರು ಕೆಟ್ಟರೆ ಒಂದು ಗಿಡವೇ ವ್ಯರ್ಥವಾಗಿ ಸತ್ತಂತೆ.

ಅಶ್ವಗಂಧದ ಬೇರನ್ನು ತುಂಡರಿಸಿ ಬಿಸಿಲಿಗೆ ಹರಡಬಹುದು. ತುಳಸಿಯಂಥ ಸುವಾಸನೆಯ ಎಲೆಗೆ ನೆರಳೇ ಬೇಕು. ಬಿಸಿಲಿನಲ್ಲಿ ಅದರ ತೈಲ ಹಾರಿಹೋಗುತ್ತದೆ.

ಹಳೇಬೀಡನ್ನು ದಾಟಿ ಬೇಲೂರಿನ ಮಲೆನಾಡಿನತ್ತ ಹೋದರೆ ಕಷ್ಟವೇ ಬೇರೆ. ಮುಂಗಾರಿನಲ್ಲಿ ಅಲ್ಲಿ ಬಿಸಿಲೇ ದುರ್ಲಭ; ಹಸಿಯಾಗಿಯೇ ಚೀಲ ಕಟ್ಟಿದ ಮೂಲಿಕೆಗೆ ಬೂಷ್ಟು ಹಿಡಿಯುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷದಷ್ಟು ಟರ್ಕಿ ಕೋಳಿಗಳು ಸತ್ತದ್ದು ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿಯ ವಿಷದಿಂದ. ಅಂಥ ಬೂಷ್ಟು ಬೇರು ನಾರುಗಳ ಮೇಲೂ ಬೆಳೆಯಬಲ್ಲುದು. ಅದನ್ನು ಒರೆಸಿ ಮಾರುವವರಿದ್ದಾರೆ. ಒರೆಸಿದರೆ ವಿಷ ಹೋಗದು. ಬೆಚ್ಚನೆಯ ಗಾಳಿಯಾಡುವ ಕೋಣೆಯಲ್ಲಿ ತೆಳ್ಳಗೆ ಹರಡಿ, ಬೇರು ಮುರಿದಾಗ ಚಟ್ಟೆಂದ ಮೇಲೆಯೇ ಚೀಲಕ್ಕೆ ತುಂಬಬೇಕು. ಚೀಲವನ್ನು ನೆಲಕ್ಕೆ ತಾಗಿಸದೆ ಹಲಗೆಯ ಮೇಲಿಡಬೇಕು.